ಕ್ಯಾಮೆರಾ ಹೋದ ಮೇಲೆ ಉಳಿದವರು

ಇತ್ತೀಚೆಗೆ ಮೈಸೂರಿನಲ್ಲಿ ಒಂದು ಸಣ್ಣ ಸಭೆಯಲ್ಲಿ ಮಾತಾಡಿದ್ದರ ಬರಹ ರೂಪ ಇದು. ಸೇರಿದ್ದವರಲ್ಲಿ ಬಹಳ ಜನರ ಮಕ್ಕಳು ಅಮೆರಿಕದಲ್ಲಿದ್ದಾರೆ. ಮಾತಾಡಿದ ಹಾಗೆಯೇ ಇಟ್ಟಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಯಾವುದೋ ಶಾಲೆಯಲ್ಲೋ ಮಾಲ್‌ನಲ್ಲೋ ಗುಂಡಿನ ದಾಳಿ ಆಯಿತು ಅಂತ ಸುದ್ದಿ ಬಂದರೆ ನಾವು ಮೊದಲು ನೋಡುವುದು ಊರಿನ ಹೆಸರು. ಮಗಳು ಇರುವ ಊರಾ, ತಂಗಿಯ ಮಗ ಓದುವ ಊರಾ ಅಂತ. ಅಲ್ಲ ಅಂತ ಗೊತ್ತಾದ ಮೇಲೆ ಉಸಿರು ಬಿಡುತ್ತೇವೆ. ಅದಾದ ಮೇಲೆ ಮನೆಯಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಆ ಜನಕ್ಕೆ ಬುದ್ಧಿ ಬರಲ್ಲ ಬಿಡಿ. ಮಕ್ಕಳು ಸತ್ತರೂ ಬಂದೂಕು ಬಿಡಲ್ಲ."

ಇವತ್ತು ಈ ಮಾತಿನ ಬಗ್ಗೆಯೇ ಮಾತಾಡಬೇಕು ಅಂತ ಬಂದಿದ್ದೇನೆ. ಈ ಮಾತು ತಪ್ಪು ಅಂತ ನನ್ನ ಅಭಿಪ್ರಾಯ. ಅಲ್ಲಿನ ಜನ ಅಳುವುದಿಲ್ಲ, ಸಿಟ್ಟಾಗುವುದಿಲ್ಲ ಅಂತೇನೂ ಇಲ್ಲ. ಬೇಕಾದಷ್ಟು ಅತ್ತಿದ್ದಾರೆ. ಆ ದುಃಖ ಕಾನೂನಾಗಿ ಬದಲಾಗುವ ದಾರಿ ಎಲ್ಲಿ ಕಟ್ಟಿಹೋಗಿದೆ, ಎಲ್ಲಿ ತೆರೆದಿದೆ ಅಂತ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ.

ಸ್ಯಾಂಡಿ ಹುಕ್‌ನಿಂದ ಶುರು ಮಾಡೋಣ. 2012ರ ಡಿಸೆಂಬರ್ 14. ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಅನ್ನುವ ಸಣ್ಣ ಊರಿನ ಪ್ರಾಥಮಿಕ ಶಾಲೆ. 20 ಮಕ್ಕಳು, 6 ಜನ ಶಿಕ್ಷಕರು ಮತ್ತು ಸಿಬ್ಬಂದಿ ಗುಂಡಿಗೆ ಬಲಿಯಾದರು. ಮಕ್ಕಳೆಲ್ಲ ಆರು, ಏಳು ವರ್ಷದವರು. ಅಧ್ಯಕ್ಷ ಒಬಾಮ ಟಿವಿಯಲ್ಲಿ ಮಾತಾಡುತ್ತಾ ಕಣ್ಣೊರೆಸಿಕೊಂಡರು. ಆ ಹೊತ್ತಿಗೆ ನಡೆದ ಸಮೀಕ್ಷೆಗಳಲ್ಲಿ ಸುಮಾರು ಶೇ. 90ರಷ್ಟು ಜನ ಒಂದು ವಿಷಯಕ್ಕೆ ಒಪ್ಪಿದ್ದರು. ಬಂದೂಕು ಕೊಳ್ಳುವ ಪ್ರತಿಯೊಬ್ಬರ ಹಿನ್ನೆಲೆ ತಪಾಸಣೆ ಆಗಬೇಕು, ಅಷ್ಟೆ. ಅಲ್ಲಿ ಲೈಸೆನ್ಸ್ ಇರುವ ಅಂಗಡಿಯಲ್ಲಿ ಕೊಂಡರೆ ತಪಾಸಣೆ ಇದೆ. ಆದರೆ ಬಂದೂಕು ಸಂತೆಯಲ್ಲೋ ಆನ್‌ಲೈನ್ ಜಾಹೀರಾತು ನೋಡಿಯೋ ಖಾಸಗಿಯವರಿಂದ ಕೊಂಡರೆ ದೇಶದ ಕಾನೂನಿನ ಪ್ರಕಾರ ಅದು ಬೇಕಾಗಿಲ್ಲ. ಈ ಕಂಡಿಯನ್ನು ಬಹುಮಟ್ಟಿಗೆ ಮುಚ್ಚುವ ಮಸೂದೆ ಬಂತು. ತಂದವರು ಇಬ್ಬರು ಸೆನೆಟರ್‌ಗಳು, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯರು. ಒಬ್ಬರು ಡೆಮಾಕ್ರಟಿಕ್, ಇನ್ನೊಬ್ಬರು ರಿಪಬ್ಲಿಕನ್. ಇಬ್ಬರೂ ಬಂದೂಕಿನ ಹಕ್ಕಿನ ಪರವಾಗಿದ್ದವರೇ.

2013ರ ಏಪ್ರಿಲ್ 17ರಂದು ಮತ ಹಾಕಿದರು. ಪರ 54, ವಿರುದ್ಧ 46. ಮಸೂದೆ ಬಿದ್ದುಹೋಯಿತು.

54 ಜಾಸ್ತಿ ಅಲ್ವಾ, ಹೇಗೆ ಬಿತ್ತು? ಅಮೆರಿಕದ ಸೆನೆಟ್‌ನಲ್ಲಿ ಹೆಚ್ಚಿನ ಮಸೂದೆಗಳಿಗೆ 60 ಮತ ಬೇಕು, ಇಲ್ಲದಿದ್ದರೆ ಚರ್ಚೆಯ ಹಂತ ದಾಟುವುದೇ ಇಲ್ಲ. ಸಾಲದ್ದಕ್ಕೆ ಪ್ರತಿ ರಾಜ್ಯಕ್ಕೂ ಇಬ್ಬರೇ ಸೆನೆಟರ್‌ಗಳು. ಆರು ಲಕ್ಷದಷ್ಟೂ ಜನ ಇಲ್ಲದ ವಯೋಮಿಂಗ್‌ಗೂ ಇಬ್ಬರು, ಸುಮಾರು 4 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು. ಸಣ್ಣ ರಾಜ್ಯಗಳಲ್ಲಿ ಹಳ್ಳಿ ಜಾಸ್ತಿ, ಬಂದೂಕು ಇರುವ ಮನೆಗಳೂ ಜಾಸ್ತಿ. ಆವತ್ತು ಮಕ್ಕಳನ್ನು ಕಳೆದುಕೊಂಡ ಕೆಲವು ತಂದೆ ತಾಯಿ ಸಂಸತ್ತಿಗೆ ಬಂದು ಕೂತಿದ್ದರು. ಅವರ ಕಣ್ಣೆದುರಿಗೇ ಇದು ನಡೆಯಿತು. ನನಗೆ ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಕಾರಣವೂ ಇದೆ, ನನ್ನ ಪ್ರಕಾರ ಅದೇ ದೊಡ್ಡದು. ಶೇ. 90ರಷ್ಟು ಜನ ಒಪ್ಪಿದರು ಸರಿ, ಆದರೆ ಅವರಲ್ಲಿ ಎಷ್ಟು ಜನ ಆ ಒಂದೇ ವಿಷಯ ನೋಡಿ ಮತ ಹಾಕುತ್ತಾರೆ? ಆ ಕಡೆಯಲ್ಲಿ ಇರುವವರು ಸಂಖ್ಯೆಯಲ್ಲಿ ಕಡಿಮೆ ಇರಬಹುದು, ಆದರೆ ಬಂದೂಕಿನ ಹಕ್ಕಿನ ಮೇಲೆಯೇ ಮತ ಹಾಕುತ್ತಾರೆ, ಸೆನೆಟರ್ ಆಫೀಸಿಗೆ ಫೋನ್ ಮಾಡುತ್ತಾರೆ, ಸದಸ್ಯತ್ವದ ಹಣ ಕಟ್ಟುತ್ತಾರೆ, ವರ್ಷವಿಡೀ ಮಾಡುತ್ತಾರೆ. ನ್ಯಾಷನಲ್ ರೈಫಲ್ ಅಸೋಸಿಯೇಷನ್, ಅಂದರೆ ಎನ್‌ಆರ್‌ಎ, 1871ರಲ್ಲಿ ಹುಟ್ಟಿದ್ದು ಗುರಿ ಹೊಡೆಯುವುದನ್ನು ಕಲಿಸಲಿಕ್ಕೆ. 1977ರಲ್ಲಿ ಸಿನ್ಸಿನಾಟಿಯ ವಾರ್ಷಿಕ ಸಭೆಯಲ್ಲಿ ಕಟ್ಟಾ ಹಕ್ಕುವಾದಿಗಳು ಅದನ್ನು ಕೈಗೆ ತೆಗೆದುಕೊಂಡರು. ಅಲ್ಲಿಂದ ಅದು ರಾಜಕೀಯ ಶಕ್ತಿ ಆಯಿತು. ಪ್ರತಿ ರಾಜಕಾರಣಿಗೂ ಎ ಯಿಂದ ಎಫ್‌ವರೆಗೆ ಗ್ರೇಡ್ ಕೊಡುತ್ತದೆ. ಗ್ರೇಡ್ ಇಳಿದರೆ ಮುಂದಿನ ಚುನಾವಣೆಯಲ್ಲಿ ಏನಾಗುತ್ತದೆ ಅಂತ ಅವರಿಗೆ ಗೊತ್ತು.

ಇನ್ನೊಂದು ವಿಚಿತ್ರ ನೋಡಿ. ದೊಡ್ಡ ದಾಳಿ ಆದ ಮೇಲೆ ಅಲ್ಲಿ ಬಂದೂಕಿನ ಮಾರಾಟ ಏರುತ್ತದೆ. ಸ್ಯಾಂಡಿ ಹುಕ್ ಆದ ತಿಂಗಳಲ್ಲೂ ಹಾಗೇ ಆಯಿತು. ಕೆಲವರು ಹೆದರಿಕೆಗೆ ಕೊಳ್ಳುತ್ತಾರೆ, ಕೆಲವರು ಇನ್ನು ಮುಂದೆ ಸಿಗಲ್ಲವೇನೋ ಅಂತ ಮೊದಲೇ ಕೊಂಡಿಡುತ್ತಾರೆ. ಒಂದೇ ಸುದ್ದಿಯಿಂದ ಒಂದು ಮನೆಯವರು ಬಂದೂಕು ಬೇಡ ಅಂತ ಬೀದಿಗೆ ಇಳಿಯುತ್ತಾರೆ, ಪಕ್ಕದ ಮನೆಯವರು ಅಂಗಡಿಯ ಸಾಲಿನಲ್ಲಿ ನಿಲ್ಲುತ್ತಾರೆ. ಇಬ್ಬರೂ ಮಕ್ಕಳನ್ನು ಕಾಪಾಡಬೇಕು ಅಂತಲೇ ಹೊರಟವರು. ಇದನ್ನು ಅರ್ಥ ಮಾಡಿಕೊಳ್ಳದೆ ಈ ಚರ್ಚೆ ಅರ್ಥ ಆಗುವುದಿಲ್ಲ.

ಈಗ ಬೇರೆ ದೇಶಗಳ ಕಡೆ ಬರೋಣ. ಎಲ್ಲರೂ ಆಸ್ಟ್ರೇಲಿಯಾದ ಉದಾಹರಣೆ ಕೊಡುತ್ತಾರೆ, ಆದರೆ ಅದು ಸಲೀಸಾಗಿ ಆಯಿತು ಅಂತ ತಿಳಿದಿದ್ದಾರೆ. 1996ರ ಏಪ್ರಿಲ್ 28ರಂದು ಟಾಸ್ಮೇನಿಯಾದ ಪೋರ್ಟ್ ಆರ್ಥರ್ ಅನ್ನುವ ಪ್ರವಾಸಿ ತಾಣದಲ್ಲಿ ಒಬ್ಬ ಮನುಷ್ಯ 35 ಜನರನ್ನು ಕೊಂದ. ಜಾನ್ ಹೋವರ್ಡ್ ಪ್ರಧಾನಿಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಅವರು ಎಡಪಂಥದವರಲ್ಲ, ಸಂಪ್ರದಾಯವಾದಿ ಪಕ್ಷದವರು. ಸರ್ಕಾರದಲ್ಲಿ ಜೊತೆಗಿದ್ದ ನ್ಯಾಷನಲ್ ಪಕ್ಷಕ್ಕೆ ರೈತರೇ ಆಧಾರ, ಆ ರೈತರ ಮನೆಗಳಲ್ಲೇ ಬಂದೂಕು ಇದ್ದದ್ದು. ಬಂದೂಕಿನ ಕಾನೂನು ಮಾಡುವ ಅಧಿಕಾರವೂ ಕೇಂದ್ರಕ್ಕೆ ಇರಲಿಲ್ಲ, ರಾಜ್ಯಗಳ ಕೈಯಲ್ಲಿತ್ತು. ಇಷ್ಟೆಲ್ಲ ಇದ್ದೂ 12ನೇ ದಿನ, ಮೇ 10ರಂದು, ಎಲ್ಲ ರಾಜ್ಯಗಳನ್ನೂ ಒಂದು ಒಪ್ಪಂದಕ್ಕೆ ತಂದರು. ಕುದುರೆ ಎಳೆದ ಹಾಗೆಲ್ಲ ಮುಂದಿನ ಗುಂಡು ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳು ಸಾಮಾನ್ಯ ಜನರಿಗೆ ಇಲ್ಲ ಅಂತ ಆಯಿತು. ಪ್ರತಿ ಬಂದೂಕೂ ನೋಂದಣಿ ಆಗಬೇಕು. ಕೊಳ್ಳುವವರು ಸರಿಯಾದ ಕಾರಣ ಕೊಡಬೇಕು, ಆತ್ಮರಕ್ಷಣೆ ಅಂದರೆ ಕಾರಣ ಅಲ್ಲ. ಜನರಿಂದ ಸುಮಾರು 6.5 ಲಕ್ಷ ಬಂದೂಕುಗಳನ್ನು ಸರ್ಕಾರ ಹಣ ಕೊಟ್ಟು ವಾಪಸು ತೆಗೆದುಕೊಂಡು ನಾಶ ಮಾಡಿತು. ಆ ಹಣಕ್ಕೆ ಅಂತ ಒಂದು ಸಲ ತೆರಿಗೆಯನ್ನೂ ಸ್ವಲ್ಪ ಏರಿಸಿದರು.

ವಿರೋಧ ಜೋರಾಗಿಯೇ ಇತ್ತು. ಅದೇ ಜೂನ್‌ನಲ್ಲಿ ವಿಕ್ಟೋರಿಯಾ ರಾಜ್ಯದ ಸೇಲ್ ಅನ್ನುವ ಊರಲ್ಲಿ ಸಿಟ್ಟಾಗಿದ್ದ ಬಂದೂಕು ಮಾಲೀಕರ ಮುಂದೆ ಹೋವರ್ಡ್ ತಾವೇ ಹೋಗಿ ಮಾತಾಡಿದರು. ಕೋಟಿನ ಒಳಗೆ ಗುಂಡು ನಿರೋಧಕ ಅಂಗಿ ಹಾಕಿದ್ದು ಫೋಟೊಗಳಲ್ಲಿ ಕಾಣುತ್ತದೆ. ಆಮೇಲೆ, ಅದನ್ನು ಹಾಕಬಾರದಿತ್ತು ಅಂತ ಅವರೇ ಹೇಳಿದ್ದಾರೆ. ಮತ ಕಳೆದುಕೊಳ್ಳುತ್ತೇನೆ ಅಂತ ಗೊತ್ತಿದ್ದೂ ತಮ್ಮದೇ ಮತದಾರರ ಎದುರು ಹೋಗಿ ನಿಂತರು ನೋಡಿ, ಅದಕ್ಕೆ ನನಗೆ ಅವರ ಮೇಲೆ ಗೌರವ. ಅವರ ಬೇರೆ ರಾಜಕೀಯ ನನಗೆ ಒಪ್ಪಿಗೆ ಆಗದಿದ್ದರೂ ಸರಿ.

ಆ ಕಾನೂನಿನಿಂದ ಎಲ್ಲವೂ ಮುಗಿದುಹೋಯಿತು ಅಂತ ನಾನು ಹೇಳುತ್ತಿಲ್ಲ. 2025ರ ಡಿಸೆಂಬರ್‌ನಲ್ಲಿ ಸಿಡ್ನಿಯ ಬಾಂಡೈ ಕಡಲತೀರದಲ್ಲಿ ಹನುಕ್ಕಾ ಹಬ್ಬಕ್ಕೆ ಸೇರಿದ್ದ ಯಹೂದಿ ಜನರ ಮೇಲೆ ದಾಳಿ ಆಯಿತು. ಕಾನೂನು ಮಾಡಿದ ಮೇಲೂ ಅದನ್ನು ನೋಡಿಕೊಳ್ಳುತ್ತಲೇ ಇರಬೇಕಾಗುತ್ತದೆ. ಅಲ್ಲಿನ ಸರ್ಕಾರ ಕೆಲವೇ ದಿನಗಳಲ್ಲಿ ಇನ್ನೊಂದು ಸಲ ಬಂದೂಕು ವಾಪಸು ಕೊಳ್ಳುವ ಯೋಜನೆ ಘೋಷಿಸಿತು.

ಅದೇ 1996ರಲ್ಲಿ, ಪೋರ್ಟ್ ಆರ್ಥರ್‌ಗಿಂತ ಆರು ವಾರ ಮೊದಲು, ಸ್ಕಾಟ್‌ಲೆಂಡಿನ ಡನ್‌ಬ್ಲೇನ್‌ನಲ್ಲಿ 16 ಪುಟ್ಟ ಮಕ್ಕಳು ಮತ್ತು ಅವರ ಟೀಚರ್ ಶಾಲೆಯ ಜಿಮ್‌ನಲ್ಲಿ ಸತ್ತರು. ಟೆನಿಸ್ ಆಟಗಾರ ಆಂಡಿ ಮರ್ರೆ ಆಗ ಅದೇ ಶಾಲೆಯ ಹುಡುಗ. ಕೊಂದವನ ಪಿಸ್ತೂಲುಗಳೆಲ್ಲ ಲೈಸೆನ್ಸ್ ಇದ್ದವು. ಅಲ್ಲಿ ಮೊದಲು ಕೆಲಸ ಶುರು ಮಾಡಿದ್ದು ದೊಡ್ಡ ನಾಯಕರಲ್ಲ, ಆ ಭಾಗದ ಕೆಲವು ತಾಯಂದಿರು. ಮಾರ್ಚ್ ತಿಂಗಳಲ್ಲಿ ಅಲ್ಲಿ ಅರಳುವ ಸ್ನೋಡ್ರಾಪ್ ಹೂವಿನ ಹೆಸರಿಟ್ಟು ಸಹಿ ಸಂಗ್ರಹ ಮಾಡಿದರು. ಇಂಟರ್‌ನೆಟ್ ಇಲ್ಲ, ಕಾಗದದ ಮೇಲೆ ಸುಮಾರು 7 ಲಕ್ಷ ಸಹಿ. ಜಾನ್ ಮೇಜರ್ ಸರ್ಕಾರ 1997ರಲ್ಲಿ ಹೆಚ್ಚಿನ ಪಿಸ್ತೂಲುಗಳನ್ನು ನಿಷೇಧಿಸಿತು, ಸಣ್ಣ ಗಾತ್ರದವನ್ನು ಮಾತ್ರ ಬಿಟ್ಟಿತು. ಸಾಲದು ಅಂತ ಆ ಪೋಷಕರು ಮತ್ತೆ ಹಿಡಿದು ಕೂತರು. ಅದೇ ವರ್ಷ ಬಂದ ಟೋನಿ ಬ್ಲೇರ್ ಸರ್ಕಾರ ಉಳಿದದ್ದನ್ನೂ ನಿಷೇಧಿಸಿತು.

ನ್ಯೂಜಿಲೆಂಡ್ ಇನ್ನೂ ವೇಗ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನ ಸತ್ತರು. ಏಪ್ರಿಲ್ 10ಕ್ಕೆ ಸಂಸತ್ತು ಬಂದೂಕು ನಿಯಂತ್ರಣದ ಕಾನೂನು ಪಾಸು ಮಾಡಿತು, 119 ಪರ, ವಿರುದ್ಧ ಒಂದೇ ಮತ. ಪ್ರಧಾನಿ ಜಸಿಂಡಾ ಆರ್ಡರ್ನ್ ಕೊಂದವನ ಹೆಸರನ್ನು ಎಂದೂ ಹೇಳುವುದಿಲ್ಲ ಅಂತ ಸಂಸತ್ತಿನಲ್ಲೇ ಹೇಳಿದರು.

ಇಲ್ಲಿ ಒಂದು ಮಾತು ನಮಗೂ ತಾಗುತ್ತದೆ. ಆ ಹಂತಕ ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. ಮೊದಲ 24 ಗಂಟೆಯಲ್ಲೇ 15 ಲಕ್ಷ ವಿಡಿಯೊ ತೆಗೆದುಹಾಕಿದ್ದಾಗಿ ಫೇಸ್‌ಬುಕ್ ಹೇಳಿತು. ಅಷ್ಟು ಸಲ ಯಾರೋ ಅದನ್ನು ಮತ್ತೆ ಹಾಕಲು ನೋಡಿದ್ದರು ಅಂತ ಅರ್ಥ. ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಇಂಥ ವಿಡಿಯೊ ಬರುತ್ತವೆ, "ನೋಡಿ ಎಂಥ ಕ್ರೂರಿ" ಅಂತ ಬರೆದು ಕಳಿಸುತ್ತಾರೆ. ದಯವಿಟ್ಟು ಕಳಿಸಬೇಡಿ. ಎಲ್ಲರೂ ನೋಡಲಿ ಅಂತಲೇ ಅವನು ಅದನ್ನು ಮಾಡಿದ್ದು. ಕೊಂದವನ ಫೋಟೊ, ಅವನು ಬರೆದದ್ದು, ಯಾವುದನ್ನೂ ಕಳಿಸಬೇಡಿ. ಸತ್ತವರ ಮನೆಯವರು ಅದನ್ನು ನೋಡಬೇಕಾಗಿ ಬರುತ್ತದೆ.

ಹಾಗಾದರೆ ಅಮೆರಿಕ ಯಾಕೆ ಹೀಗೆ ಮಾಡುವುದಿಲ್ಲ? ಸೆನೆಟ್ ಬಗ್ಗೆ ಹೇಳಿದೆ. ಸಂವಿಧಾನ ಇನ್ನೊಂದು. 1791ರ ಎರಡನೇ ತಿದ್ದುಪಡಿ ಆಯುಧ ಇಟ್ಟುಕೊಳ್ಳುವ ಹಕ್ಕಿನ ಮಾತಾಡುತ್ತದೆ. ಅದು ನಾಗರಿಕ ಪಡೆಗೆ ಸಂಬಂಧಿಸಿದ್ದಾ, ಪ್ರತಿ ವ್ಯಕ್ತಿಗೂ ಸಂಬಂಧಿಸಿದ್ದಾ ಅಂತ ಬಹುಕಾಲ ಚರ್ಚೆ ಇತ್ತು. 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರಿಂದ, ವ್ಯಕ್ತಿಗೆ ಇರುವ ಹಕ್ಕು ಅಂತ ತೀರ್ಪು ಕೊಟ್ಟಿತು. ಹಾಗಂತ ಅದಕ್ಕೆ ಮಿತಿಯೇ ಇಲ್ಲ ಅಂತಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ. ಮೂರನೆಯದು ಸಂಖ್ಯೆ. ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2018ರಲ್ಲಿ ಕೊಟ್ಟ ಅಂದಾಜಿನಂತೆ ಅಮೆರಿಕದ ಜನರ ಬಳಿ ಸುಮಾರು 39 ಕೋಟಿ ಬಂದೂಕುಗಳಿವೆ. ಅಲ್ಲಿನ ಜನಸಂಖ್ಯೆಗಿಂತ ಜಾಸ್ತಿ. ನಾಳೆ ಬೆಳಿಗ್ಗೆ ಮಾರಾಟ ನಿಂತರೂ ಅವು ಮನೆಗಳಲ್ಲಿ ಇದ್ದೇ ಇರುತ್ತವೆ.

ಇಷ್ಟರ ಮಧ್ಯೆಯೂ ಅಲ್ಲಿ ಕೆಲಸ ಆಗಿದೆ, ಅದು ನಮ್ಮ ಕಡೆ ಸುದ್ದಿಯಾಗಲಿಲ್ಲ. 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಹೈಸ್ಕೂಲಿನಲ್ಲಿ 17 ಜನ ಸತ್ತರು. ಬದುಕಿ ಉಳಿದ ವಿದ್ಯಾರ್ಥಿಗಳು ಒಂದು ವಾರದೊಳಗೆ ಬಸ್ ಹತ್ತಿ ರಾಜಧಾನಿ ಟಲಹಾಸಿಗೆ ಹೋಗಿ ಶಾಸಕರ ಬಾಗಿಲು ತಟ್ಟಿದರು. ಫ್ಲಾರಿಡಾ ಬಂದೂಕಿನ ವಿಷಯದಲ್ಲಿ ತುಂಬ ಸಡಿಲವಾಗಿದ್ದ ರಾಜ್ಯ, ರಿಪಬ್ಲಿಕನ್ ಸರ್ಕಾರ. ಆದರೂ ಮಾರ್ಚ್ 9ಕ್ಕೆ ರಾಜ್ಯಪಾಲ ರಿಕ್ ಸ್ಕಾಟ್ ಕಾನೂನಿಗೆ ಸಹಿ ಹಾಕಿದರು. ಅಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಗೆದ್ದು ಬಂದವರು. ಬಂದೂಕು ಕೊಳ್ಳುವ ವಯಸ್ಸು 21 ಆಯಿತು. ಅಪಾಯ ಅಂತ ಕಂಡವರಿಂದ ನ್ಯಾಯಾಲಯದ ಆದೇಶದ ಮೇಲೆ ಬಂದೂಕನ್ನು ಸ್ವಲ್ಪ ಕಾಲ ತೆಗೆದಿಡುವ ಅವಕಾಶವೂ ಬಂತು. ಅದೇ ಕಾನೂನಿನಲ್ಲಿ ಶಾಲೆಯ ಕೆಲವು ಸಿಬ್ಬಂದಿಗೆ ಬಂದೂಕು ಕೊಡುವ ವ್ಯವಸ್ಥೆಯೂ ಇದೆ, ಅದು ನನಗೆ ಇಷ್ಟವಿಲ್ಲ. ಆದರೆ ಎರಡೂ ಕಡೆಯವರು ಸೇರಿ ಮಾಡಿದ ಕಾನೂನು ಹಾಗೇ ಇರುತ್ತದೆ.

ಆಮೇಲೆ 2022ರ ಮೇ 24, ಟೆಕ್ಸಸ್‌ನ ಯುವಾಲ್ಡಿ. 19 ಮಕ್ಕಳು, ಇಬ್ಬರು ಟೀಚರ್‌ಗಳು. "ಕೆಟ್ಟವನ ಕೈಯ ಬಂದೂಕನ್ನು ತಡೆಯಲು ಒಳ್ಳೆಯವನ ಕೈಯಲ್ಲಿ ಬಂದೂಕು ಬೇಕು" ಅಂತ ಒಂದು ವಾದ ಇದೆಯಲ್ಲ, ಅದಕ್ಕೆ ಇದಕ್ಕಿಂತ ದುಃಖದ ಉತ್ತರ ಬೇರೆ ಇಲ್ಲ. ಅಲ್ಲಿಗೆ ಒಟ್ಟು 376 ಪೊಲೀಸರು ಬಂದಿದ್ದರು, ಎಲ್ಲರ ಕೈಯಲ್ಲೂ ಆಯುಧ. ಒಳಗೆ ನುಗ್ಗಿ ಹಂತಕನನ್ನು ಮುಗಿಸುವಷ್ಟರಲ್ಲಿ 77 ನಿಮಿಷ ಕಳೆದಿತ್ತು. ಒಳಗಿದ್ದ ಮಕ್ಕಳು ಫೋನ್ ಮಾಡಿ ಪೊಲೀಸರನ್ನು ಕರೆಯುತ್ತಿದ್ದರು. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಅದೇ ವರ್ಷ ಜುಲೈನಲ್ಲಿ ಇಂಡಿಯಾನಾದ ಗ್ರೀನ್‌ವುಡ್ ಮಾಲ್‌ನಲ್ಲಿ ಒಬ್ಬ 22 ವರ್ಷದ ಹುಡುಗ ತನ್ನ ಪಿಸ್ತೂಲಿನಿಂದ ಹಂತಕನನ್ನು ಸೆಕೆಂಡುಗಳಲ್ಲೇ ತಡೆದ. ಹಾಗೂ ಆಗುತ್ತದೆ. ಆದರೂ ಅಷ್ಟರಲ್ಲಿ ಮೂವರು ಸತ್ತಿದ್ದರು.

ಯುವಾಲ್ಡಿ ಆದ ಒಂದು ತಿಂಗಳಿಗೆ, ಜೂನ್ 25ರಂದು, ಸುಮಾರು 30 ವರ್ಷಗಳಲ್ಲೇ ಮೊದಲ ದೊಡ್ಡ ಕೇಂದ್ರ ಕಾನೂನು ಬಂತು. ಸೆನೆಟ್‌ನಲ್ಲಿ 65-33. 21ಕ್ಕಿಂತ ಕಡಿಮೆ ವಯಸ್ಸಿನವರಿಗೆ ಹೆಚ್ಚಿನ ತಪಾಸಣೆ, ಪ್ರೇಯಸಿಯ ಮೇಲೆ ಕೈ ಮಾಡಿ ಶಿಕ್ಷೆಯಾದ, ಮದುವೆಯಾಗದ ಗೆಳೆಯನಿಗೂ ಬಂದೂಕು ಸಿಗದಂತೆ ತಡೆ, ಮಾನಸಿಕ ಆರೋಗ್ಯಕ್ಕೆ ಹಣ. ಸಣ್ಣದು ಅನಿಸಬಹುದು, ಸಣ್ಣದೇ. ಆದರೆ ಆ ಸೆನೆಟ್ ಮತ ಬಿದ್ದ ದಿನವೇ, ಜೂನ್ 23ರಂದು, ಸುಪ್ರೀಂ ಕೋರ್ಟ್ ಇನ್ನೊಂದು ಕಡೆ ನ್ಯೂಯಾರ್ಕ್‌ನ ನೂರು ವರ್ಷದಷ್ಟು ಹಳೆಯ ಕಾನೂನನ್ನು ತೆಗೆದುಹಾಕಿತು. ಮನೆಯ ಹೊರಗೆ ಪಿಸ್ತೂಲು ಒಯ್ಯಲು ವಿಶೇಷ ಕಾರಣ ತೋರಿಸಬೇಕು ಅಂತಿದ್ದ ಕಾನೂನು ಅದು. ಒಂದು ಬಾಗಿಲು ತೆರೆದ ದಿನವೇ ಇನ್ನೊಂದು ಮುಚ್ಚಿತು. ಅಲ್ಲಿ ಈ ಕೆಲಸ ಮಾಡುವವರ ಪಾಡು ಇದು.

ಇದರ ಜೊತೆಗೆ ಇನ್ನೂ ಒಂದು ಕ್ರೌರ್ಯ ಇದೆ. ಸ್ಯಾಂಡಿ ಹುಕ್ ನಡೆದೇ ಇಲ್ಲ, ಆ ಪೋಷಕರು ನಟರು ಅಂತ ಅಲೆಕ್ಸ್ ಜೋನ್ಸ್ ಅನ್ನುವ ಒಬ್ಬ ವರ್ಷಗಟ್ಟಲೆ ಪ್ರಚಾರ ಮಾಡಿದ. ಅದನ್ನು ನಂಬಿದವರು ಮಗು ಕಳೆದುಕೊಂಡ ತಾಯಿಗೆ ಕೊಲೆ ಬೆದರಿಕೆ ಹಾಕಿದರು. ಆ ಕುಟುಂಬಗಳು ಕೋರ್ಟಿಗೆ ಹೋದವು, 2022ರಲ್ಲಿ ಕನೆಕ್ಟಿಕಟ್‌ನ ಜ್ಯೂರಿ 96.5 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ ಹೇಳಿತು. ಅದೇ ವರ್ಷ ಸ್ಯಾಂಡಿ ಹುಕ್‌ನಲ್ಲಿ ಬಳಸಿದ ರೈಫಲ್ ತಯಾರಿಸಿದ ರೆಮಿಂಗ್ಟನ್ ಕಂಪನಿಯ ವಿಮಾ ಸಂಸ್ಥೆಗಳು ಒಂಬತ್ತು ಕುಟುಂಬಗಳಿಗೆ 7.3 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಬಂದೂಕು ಕಂಪನಿಗಳ ಮೇಲೆ ಇಂಥ ಕೇಸು ಹಾಕದಂತೆ 2005ರ ಕಾನೂನೇ ಅಡ್ಡ ಇತ್ತು. ಆ ಪೋಷಕರು ರೈಫಲ್‌ನ ಜಾಹೀರಾತಿನ ವಿಷಯ ಹಿಡಿದು, ರಾಜ್ಯದ ಗ್ರಾಹಕ ಕಾನೂನಿನ ದಾರಿಯಲ್ಲಿ ಹೋದರು. ದಾಳಿ ಆದಾಗಿನಿಂದ ಹತ್ತು ವರ್ಷ ಹತ್ತಿರ ಹಿಡಿಯಿತು. ಕ್ಯಾಮೆರಾಗಳು ನ್ಯೂಟೌನ್‌ನಿಂದ ಎಂದೋ ಹೊರಟುಹೋಗಿದ್ದವು, ಇವರು ಬಿಡಲಿಲ್ಲ. ಬುದ್ಧಿ ಬರಲ್ಲ ಅಂತ ನಾವು ಕೂತಲ್ಲೇ ಹೇಳಿಬಿಡುವುದು ಇಂಥವರಿರುವ ದೇಶದ ಬಗ್ಗೆ.

"ಹುಚ್ಚರು ಮಾಡುವುದು, ಬಂದೂಕು ಏನು ಮಾಡುತ್ತೆ" ಅನ್ನುವ ಮಾತಿಗೂ ಬರುತ್ತೇನೆ. ಮನಸ್ಸಿನ ಕಾಯಿಲೆ ಎಲ್ಲ ದೇಶದಲ್ಲೂ ಇದೆ, ನಮ್ಮಲ್ಲೂ ಇದೆ, ಜಪಾನಿನಲ್ಲೂ ಇದೆ. ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರಿಗೂ ತೊಂದರೆ ಕೊಡುವುದಿಲ್ಲ. ಅವರ ತಲೆಗೆ ಇದನ್ನು ಕಟ್ಟುವುದು ಅನ್ಯಾಯ. ಇನ್ನೊಂದು ವಿಷಯ, ಟಿವಿಯಲ್ಲಿ ಬರುವ ಸಾಮೂಹಿಕ ದಾಳಿಗಳು ಅಲ್ಲಿನ ಬಂದೂಕು ಸಾವುಗಳಲ್ಲಿ ತುಂಬ ಸಣ್ಣ ಪಾಲು. 2021ರಲ್ಲಿ ಅಲ್ಲಿ ಬಂದೂಕಿನಿಂದ 48 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಅದಕ್ಕೆ ಯಾರೂ ದೀಪ ಹಚ್ಚಿ ಮೆರವಣಿಗೆ ಮಾಡುವುದಿಲ್ಲ.

ಕೊನೆಗೆ ಪ್ರಶ್ನೆಗಳು ಬಂದವು. ವಿರಾಜಪೇಟೆ ಕಡೆಯ ಹಿರಿಯರೊಬ್ಬರು ಎದ್ದು ಕೇಳಿದರು: "ನಮ್ಮ ಕೊಡಗಿನಲ್ಲಿ ಮನೆಮನೆಗೂ ಕೋವಿ ಇದೆ. ಕೈಲ್ ಪೊಳ್ದ್ ಹಬ್ಬಕ್ಕೆ ಪೂಜೆ ಮಾಡ್ತೇವೆ. ನಮ್ಮಲ್ಲಿ ಹೀಗೆಲ್ಲ ಆಗಲ್ಲವಲ್ಲ, ಹಾಗಾದ್ರೆ ತಪ್ಪು ಬಂದೂಕಿನದು ಅಂತ ಹೇಗೆ ಹೇಳ್ತೀರಿ?"

ಒಳ್ಳೆಯ ಪ್ರಶ್ನೆ. ಕೊಡವರಿಗೂ ಜಮ್ಮಾ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ನಾನು ಅವರಿಗೆ ಹೇಳಿದ್ದು ಇಷ್ಟು: ನಿಮ್ಮ ಉದಾಹರಣೆ ನನ್ನ ಮಾತಿಗೇ ಬಲ ಕೊಡುತ್ತದೆ ಸಾರ್. ನಿಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಒಂಟಿ ನಳಿಗೆ, ಜೋಡಿ ನಳಿಗೆ ಕೋವಿ. ಒಂದೋ ಎರಡೋ ಗುಂಡು ಹಾರಿಸಿದರೆ ಮತ್ತೆ ತುಂಬಬೇಕು. ಯುವಾಲ್ಡಿಯ ಹುಡುಗ 18 ತುಂಬಿದ ಕೆಲವೇ ದಿನಗಳಲ್ಲಿ ಕೊಂಡದ್ದು 30 ಗುಂಡಿನ ಮ್ಯಾಗಜೀನ್ ಹಾಕುವ ರೈಫಲ್. ನಿಮ್ಮಲ್ಲಿ ಚುನಾವಣೆ ಬಂದರೆ ಕೋವಿ ಠೇವಣಿ ಇಡಿ ಅಂತ ಪೊಲೀಸರು ಕೇಳುತ್ತಾರೆ, ಅಂದರೆ ಯಾರ ಮನೆಯಲ್ಲಿ ಏನಿದೆ ಅಂತ ಅವರ ಹತ್ತಿರ ಲೆಕ್ಕ ಇದೆ. ಇಷ್ಟಾಗಿಯೂ ಜಗಳದಲ್ಲಿ, ಬೇಟೆಯಲ್ಲಿ ಕೋವಿಯಿಂದ ಜೀವ ಹೋದದ್ದು ನಿಮ್ಮ ಕಡೆಯೂ ಇದೆ ಅಲ್ವಾ ಅಂತ ಕೇಳಿದೆ. ಹೌದು, ಇದೆ ಅಂದರು.

ಇನ್ನೊಬ್ಬ ತಾಯಿ ಕೇಳಿದ್ದು ಬೇರೆ ತರಹದ್ದು. "ಮಗಳು ಟೆಕ್ಸಸ್‌ನಲ್ಲಿದ್ದಾಳೆ, ಮೊಮ್ಮಗನಿಗೆ ಏಳು ವರ್ಷ. ಶಾಲೆಯಲ್ಲಿ ದೀಪ ಆರಿಸಿ ಸದ್ದಿಲ್ಲದೆ ಕೂರೋದನ್ನ ಅಭ್ಯಾಸ ಮಾಡಿಸ್ತಾರಂತೆ. ನಾನು ಅವಳಿಗೆ ಏನು ಹೇಳಲಿ?"

ನಾನು ಹೇಳಿದೆ: ಅಮ್ಮಾ, ಮೊದಲು ಇದನ್ನು ಹೇಳಿ. ಮೊಮ್ಮಗ ಗೆಳೆಯನ ಮನೆಗೆ ಆಡಲು ಹೋಗುವ ಮೊದಲು ಆ ಮನೆಯವರನ್ನು ಕೇಳಲಿ, ಮನೆಯಲ್ಲಿ ಬಂದೂಕು ಇದೆಯಾ, ಇದ್ದರೆ ಬೀಗ ಹಾಕಿ ಇಟ್ಟಿದ್ದೀರಾ, ಗುಂಡು ಬೇರೆ ಇಟ್ಟಿದ್ದೀರಾ ಅಂತ. ಅಲ್ಲಿನ ಮಕ್ಕಳ ವೈದ್ಯರೂ ಇದನ್ನೇ ಹೇಳುತ್ತಾರೆ. ನಮ್ಮವರಿಗೆ ಕೇಳಲು ಸಂಕೋಚ ಆಗುತ್ತದೆ, ಕೇಳಬೇಕು. ಶಾಲೆಗಳಲ್ಲಿ ದಾಳಿ ಮಾಡಿದ ಹುಡುಗರಲ್ಲಿ ಹೆಚ್ಚಿನವರಿಗೆ ಬಂದೂಕು ಸಿಕ್ಕಿದ್ದು ತಮ್ಮ ಮನೆಯಿಂದ ಅಥವಾ ನೆಂಟರ ಮನೆಯಿಂದ ಅಂತ ಅಲ್ಲಿನ ಕೇಂದ್ರ ಭದ್ರತಾ ಸಂಸ್ಥೆ ಸೀಕ್ರೆಟ್ ಸರ್ವಿಸ್ 2019ರ ವರದಿಯಲ್ಲೇ ಹೇಳಿದೆ. ಮಿಶಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ 2021ರಲ್ಲಿ ನಾಲ್ಕು ಮಕ್ಕಳು ಸತ್ತರಲ್ಲ, ಕೊಂದ ಹುಡುಗನಿಗೆ ಆ ಪಿಸ್ತೂಲನ್ನು ಅಪ್ಪನೇ ಕೊಡಿಸಿದ್ದು. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ 10ರಿಂದ 15 ವರ್ಷ ಶಿಕ್ಷೆ ಆಯಿತು. ಅದಕ್ಕೂ ಮೊದಲೇ, 2023ರಲ್ಲಿ, ಮಕ್ಕಳಿರುವ ಮನೆಯಲ್ಲಿ ಬಂದೂಕಿಗೆ ಬೀಗ ಹಾಕಲೇಬೇಕು ಅಂತ ಮಿಶಿಗನ್ ಕಾನೂನು ಮಾಡಿತ್ತು.

ಆಮೇಲೆ, ಮಗಳು ಅಲ್ಲಿ ನಾಗರಿಕಳಾ ಅಂತ ಕೇಳಿದೆ. ಹೌದು, ಹೋದ ವರ್ಷ ಆಯಿತು ಅಂದರು. ಹಾಗಾದರೆ ಅವಳ ಊರಿನ ಶಾಲಾ ಮಂಡಳಿಯ ಸಭೆ ಯಾವಾಗ ಅಂತ ನೋಡಲಿ, ರಾಜ್ಯದ ಶಾಸಕರ ಚುನಾವಣೆಯಲ್ಲಿ ತಪ್ಪದೆ ಮತ ಹಾಕಲಿ, ಗಂಡನನ್ನೂ ಕರೆದುಕೊಂಡು ಹೋಗಲಿ. ಅಧ್ಯಕ್ಷರ ಚುನಾವಣೆಗೆ ಮಾತ್ರ ಹೋಗಿ ಉಳಿದದ್ದನ್ನು ಬಿಡುವವರು ನಮ್ಮವರಲ್ಲಿ ಜಾಸ್ತಿ. ಬೀಗದ ಕಾನೂನು, ವಯಸ್ಸಿನ ಕಾನೂನು ಬಹುಮಟ್ಟಿಗೆ ರಾಜ್ಯದಲ್ಲೇ ಆಗುವುದು. ಅವರು ಅಲ್ಲೇ ಚೀಟಿ ತೆಗೆದು ಇದನ್ನೆಲ್ಲ ಬರೆದುಕೊಂಡರು. ಇವತ್ತು ರಾತ್ರಿಯೇ ಫೋನ್ ಮಾಡುತ್ತೇನೆ ಅಂದರು.